ತೇರಡಾದ ಬೇರಿಗೆ ಹಾಕಿದ್ದು

ಬೆಳಿಗ್ಗೆ ಹತ್ತೂ ಇಪ್ಪತ್ತು. ಎರಡು ವರ್ಷದ ಹಿಂದೆ, ಗೌರಿ ಬರುವ ದಿನ, ಪುಣೆಯ ಕೋಥರೂಡದ ಸುಮಿತ್ರಾ ಕಾಕು ನನ್ನ ಅಂಗೈಗೆ ತೀರ್ಥ ಹಾಕಿದರು. ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿ ಪುಣೆಗೆ ಬಂದ ನಾನು ಬಾಲ್ಕನಿಗಳಲ್ಲಿ ಇಲ್ಲಿನ ಕಾಡುಹೂಗಳನ್ನು ಬೆಳೆಸಿಕೊಡುತ್ತೇನೆ. ಕಾಕುಗೆ ಬೆಳೆಸಿಕೊಟ್ಟದ್ದು ತೇರಡಾ, ನಮ್ಮ ಕಡೆಯ ಗೌರಿ ಹೂ.

ಅದರ ಬೇರು ಸದಾ ತಂಪಾಗಿರಬೇಕೆಂದು ಕುಂಡಗಳನ್ನು ನೀರಿನ ಟ್ರೇಯಲ್ಲಿಡುತ್ತೇವೆ. ನೀರು ಹರಿದುಹೋಗದ ಕಾರಣ ಮಣ್ಣಿಗೆ ಹಾಕಿದ್ದೆಲ್ಲ ಅಲ್ಲೇ ಉಳಿಯುತ್ತದೆ.

ಇಲ್ಲಿ ಆ ಗಿಡವನ್ನು ಬೇರುಸಮೇತ ಗೌರಿಯೆಂದು ಒಳಗೆ ತರುತ್ತಾರೆ. ಆ ಬೇರುಗಳೇ ದೇವಿಯ ಪಾದ. ಕಾಕು ಮನೆಯಲ್ಲಿ ಬೇರು ತೊಳೆದ ನೀರನ್ನು ತೀರ್ಥವೆಂದು ಕುಡಿಯುವ ರೂಢಿಯೂ ಇತ್ತು.

ಅಂಗೈ ಬಾಯಿಯ ಹತ್ತಿರ ಬಂದಾಗ ಅರಿಶಿನದ ಅಡಿಯಿಂದ ಕೊಳೆತ ಬೆಳ್ಳುಳ್ಳಿಯಂಥ ನಾತ ಬಂತು. ಕಾಲೇಜಿನ ಕೀಟನಾಶಕದ ಕೋಣೆಯ ನಾತ. ನಾನು ತೀರ್ಥ ಚೆಲ್ಲಿ, ಕುಡಿಯಬೇಡಿ ಎನ್ನುವಷ್ಟರಲ್ಲಿ ಕಾಕು ನುಂಗಿ, ಒದ್ದೆ ಕೈಯನ್ನು ತಲೆಗೆ ಸವರಿಕೊಂಡಿದ್ದರು.

"ಮಣ್ಣಿನ ವಾಸನಿ ಅದು. ನಿನ್ನ ಡಿಗ್ರಿ ಭಾಳ ಆತು," ಎಂದು ನಕ್ಕರು.

ಹಬ್ಬಕ್ಕೆಂದು ವಾರ ಮೊದಲೇ ಊರಿಂದ ಬಂದಿದ್ದ ಅವರ ಮೈದುನ ವಸಂತರಾವ್ ಪಕ್ಕದಲ್ಲೇ ನಿಂತಿದ್ದರು.

"ಕುಂಡಕ್ಕ ಏನರ ಹಾಕೀರೇನ್ರಿ?" ಎಂದು ಅವರನ್ನು ಕೇಳಿದೆ.

"ಸೆಗಣಿ ಗೊಬ್ಬರ, ಅಷ್ಟ."

ಸ್ವಲ್ಪ ಹೊತ್ತಿಗೇ ಕಾಕುಗೆ ಜೊಲ್ಲು, ಬೆವರು, ವಾಂತಿ. ರೇಷ್ಮೆ ಸೀರೆಯಲ್ಲೇ ರಿಕ್ಷಾ ಹತ್ತಿಸಿದೆವು. ಏನು ಕುಡಿದರೆಂದು ಡಾಕ್ಟರ್ ಕೇಳಿದಾಗ, ಉಸಿರಿಗೆ ಒದ್ದಾಡುವ ಅತ್ತಿಗೆಯ ಎದುರೇ ವಸಂತರಾವ್ "ಉಪವಾಸದ ಪಿತ್ತ" ಎಂದರು. ನಾನು ಅಡ್ಡಬಂದು, ಕೀಟನಾಶಕವಿರಬೇಕು ಎಂದೆ. ಡಾಕ್ಟರ್ ಟಾರ್ಚ್ ಬಿಟ್ಟು ನೋಡಿದರೆ ಕಣ್ಣಪಾಪೆ ಸಾಸಿವೆಯಷ್ಟು ಕುಗ್ಗಿತ್ತು. ಆ ವಿಷಕ್ಕೆ ಕೊಡುವ ಆಟ್ರೋಪಿನ್ ಶುರು ಮಾಡಿದರು.

ವಸಂತರಾವ್ ನನ್ನನ್ನು ಹೊರಗೆ ಕರೆದರು. "ಬಸವನಹುಳ ತಿಂತಿದ್ವು. ತೂತಿನ ಎಲಿ ಗೌರಿಗೆ ನಡೀತಾವೇನು? ಕಬ್ಬಿಗೆ ಹಾಕೋ ಫೋರೇಟ್ ಒಂದ್ ಮುಷ್ಟಿ ಉದುರಿಸಿದೆ. ಮನ್ಯಾಗ ಹೇಳಬ್ಯಾಡ್ರಿ."

ಫೋರೇಟ್ ನಿಷೇಧವಾಗಿರುವ ಕೀಟನಾಶಕದ ಹರಳು.

"ಮತ್ತ ನೀವ್ಯಾಕ ತೀರ್ಥ ತಗೊಳ್ಳಿಲ್ಲ?"

ತೀರ್ಥ ಕೊಡುವಾಗ ಅವರು ಕೈಯೊಡ್ಡದೆ ನಿಂತದ್ದು ಆಗ ನೆನಪಾಯಿತು. ಒಳಗೆ ಹೋಗಿ ಡಾಕ್ಟರಿಗೆ ಫೋರೇಟ್ ಎಂದು ಹೆಸರಿಟ್ಟು ಹೇಳಿದೆ.

ಕಾಕು ಉಳಿದರು. ಮಾತು ಬಂದ ದಿನ ಮೈದುನನನ್ನು ಮಂಚದ ಹತ್ತಿರ ಕರೆದರು. "ವಸಂತ, ಹುಳಕ್ಕರ ಹೇಳದ ಹಾಕಿದಿ. ನನಗ ಹೇಳಲಿಕ್ಕೆ ಬಾಯಿ ಇದ್ದಿಲ್ಲೇನು?"

ಈಗ ನಾನು ಯಾವ ಮನೆಗೆ ಹೋದರೂ ಗಿಡದ ಯಜಮಾನರನ್ನಷ್ಟೇ ಕೇಳುವುದಿಲ್ಲ. ಬಂದುಹೋಗುವ ನೆಂಟರನ್ನೂ ಕೂರಿಸಿ, ಮಣ್ಣಿಗೆ ಏನು ಹಾಕಿದಿರೆಂದು ಕೇಳುತ್ತೇನೆ. ಗಿಡ ಸತ್ತರೆ ಇನ್ನೊಂದು ಕೊಡಬಲ್ಲೆ.

ಆ ದಿನ ಆಸ್ಪತ್ರೆಯಿಂದ ಬಂದಮೇಲೂ ನನ್ನ ಅಂಗೈಯಿಂದ ಆ ನಾತ ಹೋಗಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಆ ಕೈ ಬಾಯಿಯ ಹತ್ತಿರ ಬಂದಂತಾಗಿ ಎಚ್ಚರವಾಗುತ್ತಿತ್ತು. ಕಾಕು ಮನೆಗೆ ಬಂದಮೇಲೆ, ಒಂದು ಭಾನುವಾರ, ನನ್ನನ್ನೂ ಸೇರಿಸಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ನಡೆದದ್ದನ್ನೆಲ್ಲ ಅವರು ವಸಂತರಾವ್ ಬಾಯಿಂದಲೇ ಹೇಳಿಸಿದರು. ಆ ರಾತ್ರಿ ನಾನು ಎಚ್ಚರವಾಗದೆ ಬೆಳಗಿನವರೆಗೆ ನಿದ್ದೆ ಮಾಡಿದೆ.