ಹೊಸಕೋಟೆ ಕೆರೆಗೆ ಬಂದ ಹೆಬ್ಬಾತು

ಹೊಸಕೋಟೆ ಹೈಸ್ಕೂಲಿನಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ವಿಜ್ಞಾನದ ಮೇಷ್ಟ್ರು, ಯಾವ ಹಕ್ಕಿ ತೋರಿಸಿ ಹೆಸರು ಹೇಳಿದರೂ ಕನ್ನಡಕ ಒರೆಸಿಕೊಂಡು, "ಇರ್ಬೋದು, ದುಡುಕ್ಬೇಡಿ" ಎನ್ನುತ್ತಿದ್ದರು.

ಎಪ್ಪತ್ತರ ದಶಕದಲ್ಲಿ, ಮಾಗಿಚಳಿಯ ಒಂದು ಬೆಳಿಗ್ಗೆ, ಇಬ್ಬರೂ ಮೀನುಗಾರರ ಹರಿಗೋಲು ಕೇಳಿ ಪಡೆದು ಕೆರೆಯ ನಡುವೆ ಹೋಗಿದ್ದೆವು. ಜೊಂಡಿನ ಪಕ್ಕ ಬೂದು ಬಣ್ಣದ ದೊಡ್ಡ ಬಾತೊಂದು ಒಂಟಿಯಾಗಿ ತೇಲುತ್ತಿತ್ತು. ಬಿಳಿಯ ತಲೆಯ ಹಿಂದೆ ಎರಡು ಕಪ್ಪು ಪಟ್ಟೆಗಳಿದ್ದವು. ಹರಿಗೋಲಿಗೆ ನೀರು ಜಿನುಗುತ್ತಿತ್ತು. ಮೊಗೆದು ಚೆಲ್ಲಲು ಹೋದ ನನ್ನ ಕೈಯನ್ನು ಅವರು ಹಿಡಿದುಕೊಂಡರು.

"ಸದ್ದು ಮಾಡ್ಬೇಡಿ ಸಾರ್. ಪಟ್ಟೆತಲೆ ಹೆಬ್ಬಾತು. ಅನುಮಾನಾನೇ ಇಲ್ಲ."

"ಎಲ್ಲಿಂದ ಬಂದಿದೆ?"

"ಹಿಮಾಲಯದ ಆಚೆಯಿಂದ. ಅಷ್ಟೆತ್ತರ ಹಾರ್ಕೊಂಡೇ ದಾಟಿ ಬರುತ್ತೆ."

ಕನ್ನಡಕ ಒರೆಸಿಕೊಳ್ಳುವುದನ್ನೂ ಅವರು ಮರೆತಿದ್ದರು. ಹಕ್ಕಿ ಕೊಕ್ಕನ್ನು ರೆಕ್ಕೆಯೊಳಗೆ ಸಿಕ್ಕಿಸಿ ನಿದ್ದೆಹೋಯಿತು. ಹುಟ್ಟು ಎತ್ತಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಪಾದ ಮುಳುಗುವಷ್ಟು ನೀರಿನಲ್ಲಿ ಕೂತೇ ಇದ್ದೆವು, ಗಾಳಿ ತಾನಾಗಿ ನಮ್ಮನ್ನು ದಡ ಮುಟ್ಟಿಸುವವರೆಗೆ.