ಬಾಣಂತಿ ಕೋಣೆಯ ಬಿಸಿ ಚಾಪೆ

ಅರುವತ್ತರ ದಶಕದ ಒಂದು ಮಳೆಗಾಲದಲ್ಲಿ ಅಕ್ಕನ ಹೆರಿಗೆ ಪುತ್ತೂರಿನ ನಮ್ಮ ಮನೆಯಲ್ಲಾಯಿತು. ಬಾಣಂತಿ ಕೋಣೆಯಲ್ಲಿ ಕೆಂಡದ ಮಡಕೆ ಇಡುವುದು ಕ್ರಮ. ಅದರ ಹೊಗೆಗೆ ಮಗು ಕೆಮ್ಮತೊಡಗಿತು. ಮಗುವನ್ನು ನೋಡಲು ಸುಳ್ಯದಿಂದ ಬಂದಿದ್ದ ಬಾವ ಪೇಟೆಗೆ ಹೋಗಿ ಒಂದು ಕರೆಂಟಿನ ಹೀಟರ್ ತಂದರು. ನಮ್ಮಲ್ಲಿ ಕರೆಂಟೆಂದರೆ ಬಲ್ಬು ಮಾತ್ರ, ಗೋಡೆಯಲ್ಲಿ ಪ್ಲಗ್ಗು ಇರಲಿಲ್ಲ. ಬಾವ ಬಲ್ಬು ತೆಗೆದು ಆ ಹೋಲ್ಡರಿನಿಂದಲೇ ವಯರು ಇಳಿಸಿದರು. ಹೋಲ್ಡರಿಗೇ ಸಿಕ್ಕಿಸಿ ಉರಿಸುತ್ತಿದ್ದ ಹಳೆಯ ಮೇಜಿನ ದೀಪದ್ದು, ನೂಲು ಸುತ್ತಿದ ತೆಳು ವಯರು. ಯಾರೂ ಎಡವಬಾರದೆಂದು ಅದನ್ನು ಅಕ್ಕ ಮಲಗುವ ಚಾಪೆಯಡಿ ಹಾಯಿಸಿದರು. ಹಾಕಿದ ಕೂಡಲೇ ಫ್ಯೂಸ್ ಹೋಯಿತು. ಬಾವ ಫ್ಯೂಸಿಗೆ ದಪ್ಪ ತಂತಿ ಸುತ್ತಿದರು, ಮತ್ತೆ ಹೋಗಲಿಲ್ಲ.

ಎಲ್ಲರಿಗೂ ಸಮಾಧಾನ. ನನಗೆ ಭಯ ಶುರುವಾದದ್ದೇ ಅಲ್ಲಿಂದ. ವಯರಿಗೆ ಭಾರ ಹೆಚ್ಚಾಯಿತೆಂದು ಫ್ಯೂಸ್ ಕೂಗಿ ಹೇಳುತ್ತಿತ್ತು. ನಾವು ಅದರ ಬಾಯಿಗೆ ಬಟ್ಟೆ ತುರುಕಿದೆವು.

ಮರುದಿನ ಸಂಜೆ ಅಕ್ಕನ ಪಕ್ಕ ಕೂತಾಗ ಅಂಗೈಗೆ ಚಾಪೆ ಬಿಸಿ ತಾಗಿತು. ಹೀಟರ್ ಇದ್ದದ್ದು ಆಚೆ ಮೂಲೆಯಲ್ಲಿ. ಈ ಬಿಸಿ ಗೆರೆ ಎಳೆದ ಹಾಗೆ ಅಕ್ಕನ ಸೊಂಟದಡಿಯಿಂದ ಮಗುವಿನ ತಲೆಯವರೆಗೆ ಇತ್ತು.

"ಅಮ್ಮ, ಚಾಪೆ ಬಿಸಿ ಉಂಟು."

"ಒಳ್ಳೇದೇ ಅಲ್ವಾ? ಬಾಣಂತಿ ಸೊಂಟಕ್ಕೆ ಶಾಖ ಬೇಕು. ಕೆಂಡದಲ್ಲಿ ಇಷ್ಟು ಸಿಕ್ತಿತ್ತಾ?"

"ಅದು ಹೀಟರಿನ ಶಾಖ ಅಲ್ಲ, ವಯರಿನದ್ದು."

ಬಾವ ನಕ್ಕರು. "ಶುರುವಾಯ್ತು ಕಾಲೇಜಿನ ಡಿಬೇಟು! ಬಲ್ಬು ಉರಿಸಿದ ವಯರೇ ಮಾರಾಯ್ತಿ ಅದು. ಕರೆಂಟಲ್ಲಿ ದೊಡ್ಡದು ಸಣ್ಣದು ಅಂತ ಉಂಟಾ?"

"ಉಂಟು ಬಾವ. ಬಲ್ಬು ನಲ್ವತ್ತು ವಾಟ್, ಇದು ಸಾವಿರ. ಇಪ್ಪತ್ತೈದು ಬಲ್ಬಿನ ಕರೆಂಟು ಒಂದು ಬಲ್ಬಿನ ವಯರಲ್ಲಿ ಹೋಗುದು. ತೆಳು ತಂತಿ ಕಾಯದೆ ಎಂತ ಮಾಡ್ತದೆ? ಮೇಲಿಂದ ಚಾಪೆ ಬೇರೆ ಹೊದಿಸಿದ್ದೀರಿ."

"ನಿನ್ನೆಯಿಂದ ಉರೀತಾ ಉಂಟು. ಎಂತ ಆಯ್ತು?"

ಆಗಲಿಲ್ಲ, ಆದ್ದರಿಂದ ಆಗುವುದಿಲ್ಲ. ವೇದಿಕೆಯಲ್ಲಾದರೆ ಈ ವಾದವನ್ನು ಎರಡು ಮಾತಿನಲ್ಲಿ ಮುರಿಯುತ್ತಿದ್ದೆ. ಇಲ್ಲಿ ತೀರ್ಪು ಕೊಡುವವಳು ಅಮ್ಮ. ಅಳಿಯನಿಗೆ ಎದುರು ಮಾತಾಡಿದವಳು ಬಾಯಿ ತೆರೆದಾಗಲೇ ಸೋತಿರುತ್ತಾಳೆ. ನನ್ನೊಳಗೂ ಅಳುಕು: ಅದು ಅಕ್ಕನ ಮೈಯ ಬಿಸಿಯೇ ಆಗಿದ್ದರೆ? ಆಗಿರಲೆಂದೇ ಹಾರೈಸಿದೆ. ಆದರೆ ಕೈ ತೆಗೆಯಲು ಧೈರ್ಯ ಬರಲಿಲ್ಲ. ಬಿಸಿ ಏರುತ್ತಲೇ ಇತ್ತು.

ಸ್ವಿಚ್ಚು ಆರಿಸಿ ಮಗುವನ್ನು ಎತ್ತಿಕೊಂಡೆ. "ಅಕ್ಕ, ಏಳು."

"ನಿಂಗೆ ಮರುಳಾ? ಪಿಳ್ಳೆಗೆ ಥಂಡಿ ಆಗ್ತದೆ," ಎಂದು ಅಮ್ಮ ಗದರಿದಳು. ಅಕ್ಕ ಮಾತ್ರ ನನ್ನ ಮುಖ ನೋಡಿ ಎದ್ದಳು.

ಚಾಪೆ ಮಗುಚಿದೆ. ಅಡಿಯಲ್ಲಿ ಉದ್ದಕ್ಕೆ ಕಂದು ಗೆರೆ. ವಯರಿನ ನೂಲು ಒಂದು ಕಡೆ ಕಪ್ಪಾಗಿ, ಒಳಗಿನ ರಬ್ಬರು ಕರಗಿದ ಬೆಲ್ಲದಂತೆ ಅಂಟುತ್ತಿತ್ತು. ಸುಟ್ಟ ವಾಸನೆ ಇಷ್ಟು ಹೊತ್ತು ಅಮ್ಮನ ಸಾಂಬ್ರಾಣಿಯಲ್ಲಿ ಮುಚ್ಚಿಹೋಗಿತ್ತು. ಬಾವ ಬಗ್ಗಿ ಆ ಗೆರೆಯನ್ನು ಬೆರಳಿನಿಂದ ಸವರಿದರು. ಗೆರೆ ಮುಗಿದದ್ದು ಮಗುವಿನ ತಲೆ ಇದ್ದಲ್ಲಿ.

ಆ ರಾತ್ರಿ ಕೆಂಡದ ಮಡಕೆ ಬಂತು, ಕೆಮ್ಮೂ ಬಂತು. ಬೆಳಗಾದ ಮೇಲೆ ಬಾವ ವಯರಿಂಗಿನವನನ್ನು ಕರೆತಂದು ಮೀಟರಿನಿಂದಲೇ ದಪ್ಪ ವಯರಿನ ಬೇರೆ ಲೈನು ಎಳೆಸಿ, ಪ್ಲಗ್ಗು ಹಾಕಿಸಿದರು. ವಯರು ಈಗ ಗೋಡೆಯಂಚಿನಲ್ಲಿ, ಕಣ್ಣಿಗೆ ಕಾಣುವ ಹಾಗೆ.

"ಚಾಪೆ ಥಂಡಿ ಉಂಟಲ್ಲ," ಎಂದಳು ಅಮ್ಮ. "ಮೊದಲಿನದ್ದೇ ಒಳ್ಳೇದಿತ್ತು."

ಹೊಸ ವಯರೂ ಬಿಸಿಯಾಗುತ್ತದಾ ಎಂದು ನಾನು ಅದನ್ನು ಮುಟ್ಟುತ್ತಾ ಕೂತಿದ್ದೆ.

"ಅದಕ್ಕೆ ಜ್ವರ ನೋಡುದಾ ನೀನು?" ಅಕ್ಕ ನಕ್ಕಳು. "ಹೋಗು, ಉಣ್ಣು."

ಹೋದೆ. ಅರ್ಧ ಊಟದಲ್ಲಿ ಎದ್ದು ಬಂದು ಎಡಗೈಯಲ್ಲಿ ಇನ್ನೊಮ್ಮೆ ಮುಟ್ಟಿ ನೋಡಿದೆ.