ಹರಳೆಣ್ಣೆಯ ಮೇಲೆ ಹೊರಿಸಿದ ಗಾಯ

ಸರೋಜಾ ಮೇಡಂ, ನಿಮ್ಮ ಬೆನ್ನು ಸುಟ್ಟಿದ್ದು ನಿಮ್ಮತ್ತೆ ಹಚ್ಚಿದ ಎಣ್ಣೆಯಿಂದಲ್ಲ — ನಮ್ಮ ಎಕ್ಸ್‌ರೇಯಿಂದ. ಅದು ನನಗೆ ಅಂದೇ ಗೊತ್ತಿತ್ತು.

ತೊಂಬತ್ತರ ದಶಕದ ಕೊನೆ. ಚಾಮರಾಜಪೇಟೆಯ ಆಸ್ಪತ್ರೆಯೊಂದರಲ್ಲಿ ನಾನು ಎಕ್ಸ್‌ರೇ ಟೆಕ್ನಿಷಿಯನ್. ಹನುಮಂತನಗರದಲ್ಲಿ ಟೀಚರ್ ಆಗಿದ್ದ ನಿಮಗೆ ಪಾಠದ ನಡುವೆಯೇ ಎದೆಬಡಿತ ಹುಚ್ಚೆದ್ದು ಓಡುತ್ತಿತ್ತು. ತೊಡೆಯ ರಕ್ತನಾಳದಿಂದ ತೆಳುವಾದ ತಂತಿ ತೂರಿಸಿ, ಹೃದಯದೊಳಗೆ ತೊಂದರೆ ಕೊಡುವ ಜಾಗವನ್ನು ಸುಡಬೇಕು. ಅಷ್ಟು ಹೊತ್ತೂ ತಂತಿಯನ್ನು ಎಕ್ಸ್‌ರೇ ಪರದೆಯಲ್ಲಿ ನೋಡುತ್ತಲೇ ಇರಬೇಕು. ಕಿರಣ ಮಿತಿಮೀರದಿರಲೆಂದು ಯಂತ್ರದಲ್ಲೊಂದು ಗಂಟೆ, ಐದೈದು ನಿಮಿಷಕ್ಕೆ ಬಡಿದುಕೊಳ್ಳುತ್ತಿತ್ತು. ಆ ಸದ್ದಿಗೆ ಡಾಕ್ಟರಿಗೆ ಸಿಟ್ಟು. ಅದು ಬಾಯಿಬಿಡುವ ಮೊದಲೇ ಗುಂಡಿ ಒತ್ತಿ ಸುಮ್ಮನಾಗಿಸುವುದೇ ನನ್ನ ಕೈಚಳಕ — ಎಂಥ ಹೆಮ್ಮೆಯೋ, ಥೂ! ಅಂದು ಎಷ್ಟು ಸಲ ಒತ್ತಿದೆನೋ... ಕಿರಣದ ಕಿಂಡಿಯನ್ನು ಕಿರಿದು ಮಾಡಬಹುದಿತ್ತು, ಕಿರಣ ಬೆನ್ನಿನ ಒಂದೇ ಜಾಗಕ್ಕೆ ಬೀಳದಂತೆ ಕೋನ ಬದಲಿಸೋಣವೆಂದು ಡಾಕ್ಟರಿಗೆ ಹೇಳಬಹುದಿತ್ತು. ಹೇಳಲಿಲ್ಲ.

ನಿಮ್ಮ ಎದೆಬಡಿತವೇನೋ ಸರಿಹೋಯಿತು. ಕೆಲವು ವಾರಗಳ ಮೇಲೆ ಅತ್ತೆಯವರನ್ನು ಕರೆದುಕೊಂಡು ಮತ್ತೆ ಬಂದಿರಿ. ಬೆನ್ನಿನ ಮೇಲೆ ಅಂಚು ಕತ್ತರಿಸಿಟ್ಟಂಥ ಚೌಕದ ಗಾಯ. ನಮ್ಮ ಕಿರಣದ ಕಿಂಡಿಯೂ ಚೌಕವೇ. ಡಾಕ್ಟರ್ ಅಂದು ಊರಲ್ಲಿರಲಿಲ್ಲ.

"ಏನಾದ್ರೂ ಹಚ್ಚಿದ್ರಾ?" ಎಂದೆ.

"ಬೆನ್ನು ನವೆ ಅಂತಿದ್ಲು. ಹರಳೆಣ್ಣೆ ಬಿಸಿ ಮಾಡಿ ಹಚ್ದೆ ಕಣಪ್ಪಾ," ಎಂದರು ಅತ್ತೆ.

"ಹಾಗಾದ್ರೆ ಅದೇ ಇರ್ಬೇಕು ಬಿಡಿ."

ನೀವು ಅವರತ್ತ ತಿರುಗಿ, "ಬೇಡ ಅಂದ್ರೂ ಕೇಳಲ್ವಲ್ಲ ನೀವು!" ಎಂದಿರಿ. ಆ ಮುದುಕಿ ಸೆರಗಿಗೆ ಕೈ ಒರೆಸಿಕೊಂಡರು. ನಾನು ಅಲ್ಲೇ ನಿಂತಿದ್ದೆ. ಚರ್ಮದ ಡಾಕ್ಟರಿಗೂ ನೀವು ಎಣ್ಣೆಯ ಕಥೆಯನ್ನೇ ಹೇಳಿದಿರಂತೆ. ಅವರು ಅದಕ್ಕೇ ಮುಲಾಮು ಕೊಟ್ಟರಂತೆ. ಗಾಯ ಮಾಯಲು ವರ್ಷ ಹಿಡಿಯಿತು.

ಆಮೇಲೆ ನಾನು ಗಂಟೆಯನ್ನು ಬಡಿಯಲು ಬಿಟ್ಟೆ. ಬೈಸಿಕೊಂಡೇ "ಸಾರ್, ಆ್ಯಂಗಲ್ ಬದಲಾಯ್ಸೋಣ" ಅನ್ನುವುದನ್ನು ಕಲಿತೆ. ಮುಂದೆ ಬಂದವರ ಬೆನ್ನು ಉಳಿದಿರಬಹುದು. ಅದರಿಂದ ನಿಮಗೇನು ಬಂತು?

ಮೊನ್ನೆ ಗಾಂಧಿಬಜಾರಿನಲ್ಲಿ ನೀವೇ ಗುರುತು ಹಿಡಿದು ಮಾತಾಡಿಸಿದಿರಿ. ಅತ್ತೆ ಹೇಗಿದ್ದಾರೆ ಎಂದೆ — ಯಾಕೆ ಕೇಳಿದೆನೋ.

"ಹೋಗ್ಬಿಟ್ರು. ಪಾಪ, ಕೊನೇವರ್ಗೂ ನನ್ ಮೊಮ್ಮಗೂಗೆ ಒಂದ್ ದಿನಾನೂ ಎಣ್ಣೆ ಹಚ್ಲಿಲ್ಲ. ಕರೆದ್ರೆ, 'ನನ್ ಕೈ ಒಳ್ಳೇದಲ್ಲಮ್ಮ' ಅನ್ನೋರು."

ಆಗಲೂ ನಾನು ಹೇಳಲಿಲ್ಲ, ಮೇಡಂ. ಬಸ್ಸು ಬಂತೆಂದು ಸುಳ್ಳು ಹೇಳಿ ಹೊರಟುಬಿಟ್ಟೆ.

ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಮೊಮ್ಮಗುವನ್ನೂ ಕೂರಿಸಿಕೊಳ್ಳಿ. ಮುತ್ತಜ್ಜಿಯ ಕೈ ಒಳ್ಳೆಯದಿತ್ತೆಂದು ಅದಕ್ಕೆ ನಾನೇ ಹೇಳಬೇಕು.